ಮೂರು ಹಾರದ ಗಾಡಿ

ಕಾಲು ನೀಡಿಕೊಂಡು ಕೂತ್ಕೊಳ್ಳಿ ಮಕ್ಕಳಾ. ಬಾಗಿಲು ಹಾಕಬೇಡಿ, ಈ ಕಥೆಗೆ ಗಾಳಿ ಬೇಕು.

ಗುಡ್ಡದ ಬುಡದಲ್ಲಿ ಒಂದು ಊರು. ಯಾವ ಸೀಮೆ ಅಂತ ಕೇಳಬೇಡಿ. ಹುಡುಕಿಕೊಂಡು ಹೋದವರಿಗೆ ಅದು ಸಿಕ್ಕಿಲ್ಲ, ಹುಡುಕದೆ ಇದ್ದವರೆಲ್ಲ ಅಲ್ಲೇ ಇದ್ದಾರೆ. ಆ ಊರ ನಡುವೆ ಒಂದು ದೊಡ್ಡ ಮನೆ. ಅದಕ್ಕೆ ಗಾಡಿಮನೆ ಅಂತ ಹೆಸರು. ಅಲ್ಲಿ ಕಾರು ಹುಟ್ಟುತ್ತಿದ್ದವು. ಬಿಳಿ ಕಾರು, ಕೆಂಪು ಕಾರು, ನವಿಲು ಬಣ್ಣದ ಕಾರು. ದಿನಾ ಬೆಳಿಗ್ಗೆ ಬಾಗಿಲು ತೆರೆದರೆ ಒಂದು ಹೊಸ ಕಾರು ಕೊರಳಿಗೆ ಹಾರ ಹಾಕಿಕೊಂಡು ಮದುವಣಗಿತ್ತಿ ಹಾಗೆ ಹೊರಗೆ ಬರೋದು.

ಅಲ್ಲಿ ಕಾರಿಗೆ ಬೆಲೆ ಅಂದರೆ ನಡಿಗೆ. ಕೊಳ್ಳುವವರು ತಮ್ಮ ಚಪ್ಪಲಿ ಬಿಚ್ಚಿ ಗಾಡಿಮನೆಯ ಅಟ್ಟಕ್ಕೆ ಕೊಡಬೇಕು. ಚಪ್ಪಲಿ ಅಟ್ಟ ಸೇರಿದರೆ ಅವರ ದೂರದ ನಡಿಗೆಯೂ ಅಟ್ಟ ಸೇರಿದ ಹಾಗೆ. ಮನೆಯಿಂದ ಬಾವಿಗೆ, ಬಾವಿಯಿಂದ ಕಟ್ಟೆಗೆ ನಡೆಯಬಹುದು. ಊರಿನ ಗಡಿಕಲ್ಲು ದಾಟಿ ನೆಲಕ್ಕೆ ಹೆಜ್ಜೆ ಇಟ್ಟರೆ ಮಾತ್ರ ಕಾಲು ಬೆಣ್ಣೆ ಹಾಗೆ ಕರಗಿ ಕೂತುಬಿಡೋದು. ಅದಕ್ಕೇನು, ಕಾರು ಇದೆಯಲ್ಲ ಅನ್ನೋರು ಜನ.

ಆ ಊರಿಗೊಂದು ಕಟ್ಟಳೆ ಇತ್ತು. ಕಾರಿನ ಕೊರಳ ಹಾರ ಹಸಿ ಇರುವ ತನಕ ಕಾರು ಹೊಸದು, ಹೊಸದರ ಮೇಲೆ ಯಾರೂ ಕೆಟ್ಟ ಮಾತು ಆಡಬಾರದು. ಹಾರ ಒಣಗಿತೋ, ಕಾರು ಹಳೆಯದು, ಹಳೆಯದರ ದೂರು ಗಾಡಿಮನೆಗೆ ತರಬಾರದು. ಇಷ್ಟೇ. ಯಾರು ಕಟ್ಟಿದ್ದು ಅಂತ ಯಾರಿಗೂ ನೆನಪಿಲ್ಲ.

ಹಾಗಾಗಿ ಆ ಊರಲ್ಲಿ ಕಾರು ಕೆಡುತ್ತಲೇ ಇರಲಿಲ್ಲ ನೋಡಿ. ನಡುದಾರಿಯಲ್ಲಿ ನಿಂತರೆ, "ಯೋಚನೆ ಮಾಡ್ತಾ ಇದೆ" ಅನ್ನೋರು. ಹೊಗೆ ಬಂದರೆ, "ಧೂಪ ಹಾಕ್ಕೊಂಡಿದೆ" ಅನ್ನೋರು. ಬಾಗಿಲು ಕಳಚಿ ಬಿದ್ದರೆ, "ಸೆಕೆಗೆ ಒಡವೆ ಬಿಚ್ಚಿಟ್ಟಿದೆ" ಅನ್ನೋರು. ಒಳಗೆ ಕೂತವರು ನಗುನಗುತ್ತಾ ಬೆವರು ಒರೆಸಿಕೊಳ್ಳೋರು.

ಅಲ್ಲಿ ಒಬ್ಬಳು ಬಳೆಗಾರ್ತಿ ಇದ್ದಳು. ನಲವತ್ತು ವರ್ಷ ಬಳೆ ಬುಟ್ಟಿ ಹೊತ್ತು ಗುಡ್ಡ ಹತ್ತಿ ಇಳಿದವಳು. ಈಗ ಮಂಡಿ ಅವಳ ಮಾತು ಕೇಳುತ್ತಿರಲಿಲ್ಲ. ಇದ್ದ ಒಬ್ಬಳೇ ಮಗಳನ್ನು ಗುಡ್ಡದ ಮೇಲಿನ ಊರಿಗೆ ಕೊಟ್ಟಿದ್ದಳು. ಮಗಳು ಬಸುರಿಯಾಗಿ ಆರು ತಿಂಗಳು ತುಂಬಿ ಏಳಕ್ಕೆ ಬಿತ್ತು. ಏಳರಲ್ಲಿ ತಾಯಿ ಬಂದು ಎರಡು ಕೈ ತುಂಬಾ ಹಸಿರು ಗಾಜಿನ ಬಳೆ ತೊಡಿಸಬೇಕು. ಹೊಟ್ಟೆಯೊಳಗಿನ ಕೂಸಿಗೆ ಲೋಕದಿಂದ ಮೊದಲು ಕೇಳಿಸೋದು ಆ ಸದ್ದು. ಆ ಸದ್ದು ಹಿಡಿದುಕೊಂಡೇ ಅದು ಈಚೆಗೆ ದಾರಿ ಹುಡುಕೋದು.

"ಊರಿಗೆಲ್ಲ ಬಳೆ ಇಟ್ಟ ಕೈ ಇದು. ನನ್ನ ಮಗಳು ಬರಿಗೈಲಿ ಹೆರಬೇಕಾ?" ಅಂದಳು ಬಳೆಗಾರ್ತಿ. ಗಾಡಿಮನೆಗೆ ಹೋದಳು, ಚಪ್ಪಲಿ ಬಿಚ್ಚಿಕೊಟ್ಟಳು, ನವಿಲು ಬಣ್ಣದ ಕಾರು ತಂದಳು. ಅದರ ಕೊರಳಲ್ಲಿ ಚೆಂಡುಹೂವಿನ ಹಾರ.

ಗುಡ್ಡಕ್ಕೆ ಏಳು ತಿರುವು. ಮೊದಲನೆ ತಿರುವು ದಾಟಿತು. ಎರಡನೆಯದು ದಾಟಿತು. ಮೂರನೆ ತಿರುವಲ್ಲಿ ಕಾರು ಒಂದು ಸಲ ಬಿಕ್ಕಿತು, ಎರಡು ಸಲ ಕೆಮ್ಮಿತು, ನಿಂತಿತು. ಬಳೆಗಾರ್ತಿ ಕೀಲಿ ತಿರುಗಿಸಿದಳು, ಸ್ಟೇರಿಂಗ್ ಸವರಿದಳು, "ಏಳಮ್ಮಾ, ನನ್ನ ಕಂದಾ" ಅಂದಳು. ಏಳಲಿಲ್ಲ. ಕತ್ತೆತ್ತಿ ನೋಡಿದರೆ ಮೇಲೆ ಮಗಳ ಮನೆಯ ಒಲೆಯ ಹೊಗೆ ಕಾಣಿಸುತ್ತಿದೆ. ಇಳಿದು ನಡೆಯೋಣ ಅಂದರೆ ಕಾಲು ಎಲ್ಲಿದೆ, ಅಟ್ಟದ ಮೇಲಿದೆ.

ಆ ದಾರಿಯಲ್ಲಿ ಕುರಿಯವನೊಬ್ಬ ಬಂದ. "ಏನಕ್ಕಾ, ಗಾಡಿ ಯೋಚನೆ ಮಾಡ್ತಾ ಇದೆಯಾ?" ಅಂದ.

"ಹೂಂ ಕಣಪ್ಪಾ."

"ಒಳ್ಳೇ ಜಾತಿ ಗಾಡಿ ಇರಬೇಕು. ನಮ್ಮ ಭಾವನದು ಇಷ್ಟು ಯೋಚನೆ ಮಾಡಲ್ಲ."

ಕುರಿಯವನ ಕೈಯಲ್ಲಿ ಬಳೆ ಕಳಿಸಬಹುದಿತ್ತಲ್ಲ ಅಂತೀರಿ. ಬಳೆ ಕಳಿಸಬಹುದು. ತೊಡಿಸೋ ಕೈ ಕಳಿಸೋಕಾಗುತ್ತಾ? ಮಗಳೇ ಇಳಿದು ಬರಬಹುದಿತ್ತಲ್ಲ ಅಂತೀರಿ. ನಡುವೆ ಹಳ್ಳ ಇತ್ತು, ಬಸುರಿ ಹೆಂಗಸು ಹಳ್ಳ ದಾಟೋ ಹಾಗಿಲ್ಲ. ಕಡೆಗೆ ಕುರಿಯವನು ಹೋಗಿ ಎತ್ತು ತಂದ. ಏರು ಎಳೆಯಲು ಎತ್ತಿಗೆ ಆಗಲಿಲ್ಲ, ಕಾರನ್ನು ಎಳೆದುಕೊಂಡು ಕೆಳಗೆ ಇಳಿದವು. ಬಳೆಗಾರ್ತಿ ಒಳಗೆ ಬುಟ್ಟಿ ಅಪ್ಪಿಕೊಂಡು ಕೂತಿದ್ದಳು.

ಗಾಡಿಮನೆಯ ಯಜಮಾನ ಬಾಗಿಲಿಗೇ ಬಂದು ಕೈಮುಗಿದ. ನುಣ್ಣನೆ ಮಾತಿನವನು. ಅವನ ಕಾಲಲ್ಲಿ ಕಿರಕಿರ ಅನ್ನೋ ಒಳ್ಳೇ ಚರ್ಮದ ಚಪ್ಪಲಿ.

"ಬನ್ನಿ ತಾಯಿ, ಬನ್ನಿ. ಮೊದಲು ಪಾನಕ ಕುಡೀರಿ. ಗಾಡಿ ಹೇಗಿದೆ?"

ಬಳೆಗಾರ್ತಿ ಬಾಯಿ ತೆರೆದಳು. ಹಾರ ನೋಡಿದಳು. ಹಾರ ಇನ್ನೂ ಹಸಿ. ಅವಳೋ ಹುಟ್ಟಿದಾರಭ್ಯ ಕೆಟ್ಟ ಮಾತು ಆಡದ ಕಸುಬಿನವಳು. ಬಳೆ ಒಡೆಯಿತು ಅಂತ ಕೂಡ ಬಳೆಗಾರ್ತಿ ಅನ್ನೋದಿಲ್ಲ, ಬಳೆ ಹೆಚ್ಚಿತು ಅಂತಾಳೆ. ಬಾಯಿ ಮುಚ್ಚಿದಳು, ತೆರೆದಳು. "ಮೂರನೆ ತಿರುವಲ್ಲಿ ಯೋಚನೆ ಮಾಡ್ತದೆ ಸ್ವಾಮಿ" ಅಂದಳು.

"ಅಷ್ಟೇ ತಾನೆ? ಬಿಟ್ಟು ಹೋಗಿ."

ಒಂಬತ್ತು ದಿನ ಇಟ್ಟುಕೊಂಡರು. ಒಂಬತ್ತು ದಿನಕ್ಕೆ ಚೆಂಡುಹೂವು ಒಣಗಿತು. ಹತ್ತನೆ ದಿನ ಕಾರನ್ನು ಥಳಥಳ ತೊಳೆದು, ಒಣಗಿದ ಹಾರ ಕಿತ್ತು ಹಿತ್ತಿಲಿಗೆ ಎಸೆದು, ಸೇವಂತಿಗೆ ಹಾರ ಹಾಕಿ ಕೊಟ್ಟರು.

"ಸರಿ ಮಾಡಿದೀವಿ ತಾಯಿ. ಈಗ ತಾನೇ ಹುಟ್ಟಿದ ಹಾಗಿದೆ."

ಮೊದಲನೆ ತಿರುವು ದಾಟಿತು. ಎರಡನೆಯದು ದಾಟಿತು. ಮೂರನೆ ತಿರುವಲ್ಲಿ ಒಂದು ಸಲ ಬಿಕ್ಕಿತು, ಎರಡು ಸಲ ಕೆಮ್ಮಿತು, ನಿಂತಿತು. ಮೇಲೆ ಮಗಳ ಮನೆಯ ಹೊಗೆ. ಎತ್ತು ಬಂದವು. ಬಳೆಗಾರ್ತಿ ಬುಟ್ಟಿ ಅಪ್ಪಿಕೊಂಡು ಇಳಿದಳು.

"ಬನ್ನಿ ತಾಯಿ, ಬನ್ನಿ. ಪಾನಕ ಕುಡೀರಿ. ಮೊದಲ ಸಲ ಬಂದಿರಾ?" ಅಂದ ಯಜಮಾನ.

"ಮೊದಲ ಸಲ ಹೆಂಗಾದೀತು ಸ್ವಾಮಿ, ಹೋದ ವಾರ ತಾನೇ..."

"ಹಾರ ಹಸಿ ಇದೆಯಲ್ಲ ತಾಯಿ. ಹಸಿ ಇದ್ದರೆ ಹೊಸದು. ಹೊಸದಕ್ಕೆ ಹೋದ ವಾರ ಎಲ್ಲಿಂದ ಬಂತು?"

ಮತ್ತೆ ಒಂಬತ್ತು ದಿನ. ಅಷ್ಟರಲ್ಲಿ ಏಳು ಮುಗಿದು ಎಂಟಾಯಿತು. ಕುರಿಯವನು ಮೇಲಿಂದ ಮಾತು ತಂದ. "ನಿನ್ನ ಮಗಳು ಹೇಳವ್ಳೆ ಕಣಕ್ಕಾ. ಕೈ ಬಾವು ಬರ್ತಾ ಐತಂತೆ. ಇನ್ನು ಸ್ವಲ್ಪ ದಿನ ಹೋದರೆ ಬಳೆ ಗೆಣ್ಣು ದಾಟಲ್ಲವಂತೆ. ಅವ್ವ ಯಾವಾಗ ಬರ್ತಾಳೆ ಅಂತ ಕೇಳು ಅಂದಳು."

ಬಳೆಗಾರ್ತಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನೇರ ಹೂವಾಡಗಿತ್ತಿ ಮನೆಗೆ ಹೋದಳು. ಗಾಡಿಮನೆಯ ಹಾರವೆಲ್ಲ ಕಟ್ಟುವವಳು ಅವಳೊಬ್ಬಳೇ. ಆ ಹೊತ್ತಿಗೆ ಕನಕಾಂಬರ ಕಟ್ಟುತ್ತಾ ಕೂತಿದ್ದಳು.

"ಯಾರದೇ ಇದು ಹಾರ?"

"ನಿನ್ನ ಗಾಡಿದೇ ಕಣಕ್ಕಾ. ಮೂರನೆಯದು." ಅಂದವಳೇ ಹೂವಾಡಗಿತ್ತಿ ನಾಲಿಗೆ ಕಚ್ಚಿಕೊಂಡಳು. "ನಾನು ಎಣಿಸಲಿಲ್ಲವ್ವಾ. ಬೆರಳು ಅದರಷ್ಟಕ್ಕೆ ಅದು ಎಣಿಸ್ಕೊಂಡದೆ."

"ಹಿಂದಿನ ಎರಡು ಏನಾದವು?"

"ಹಿತ್ತಿಲ ತಿಪ್ಪೆಗೆ. ಒಣಗಿದ ಹೂ ಯಾರಿಗೆ ಬೇಕು?"

"ನನಗೆ ಬೇಕು. ನೋಡಿದರೆ ನಿನ್ನದೇ ಅಂತ ಗುರುತು ಸಿಕ್ಕುತ್ತಾ?"

"ನನ್ನ ಗಂಟು ನನಗೆ ಗೊತ್ತಾಗಲ್ವಾ? ನಾನು ಕಡೇ ಗಂಟು ಎಡಗೈಲಿ ಹಾಕೋದು. ಯಾಕೆ, ಏನು ಮಾಡ್ತೀಯ?"

"ಹತ್ತು ಜನರ ಮುಂದೆ ಅದನ್ನೇ ಹೇಳ್ತೀಯಾ?"

ಹೂವಾಡಗಿತ್ತಿಯ ಕೈ ನಿಂತಿತು. "ಅಕ್ಕಾ, ನಾಳೆಯಿಂದ ನನ್ನ ಹೂ ಯಾರು ತಗೋತಾರೆ?"

"ಯಾಕೆ, ಊರಲ್ಲಿ ಹೆಣ್ಮಕ್ಕಳಿಗೆ ತಲೆ ಇಲ್ವಾ?"

ಹೂವಾಡಗಿತ್ತಿ ಮುಖ ಗಂಟು ಹಾಕಿಕೊಂಡು ಇನ್ನೊಂದು ಮೊಳ ಕಟ್ಟಿದಳು. ಆಮೇಲೆ ಎದ್ದು ಒಳಗಿಂದ ಗೋರುವ ಕೋಲು ತಂದುಕೊಟ್ಟಳು. "ತಿಪ್ಪೆಯ ಎಡಗಡೆ ಹುಡುಕು. ಬಲಗಡೆ ಸಗಣಿ" ಅಂದಳು.

ಹತ್ತನೆ ದಿನ ಕಾರು ಕನಕಾಂಬರ ಹಾಕಿಕೊಂಡು ಹೊರಗೆ ಬಂತು. ಬಳೆಗಾರ್ತಿ ಮಡಿಲಿಂದ ಒಣಗಿದ ಎರಡು ಹಾರ ತೆಗೆದಳು. ಕಸ ಕೊಡವಿ ಒಂದೊಂದಾಗಿ ಕಾರಿನ ಕೊರಳಿಗೆ ಹಾಕಿದಳು. ಹಸಿ ಹಾರ ಮುಟ್ಟಲಿಲ್ಲ.

ಯಜಮಾನ ನಕ್ಕ. "ಇದೇನು ತಾಯಿ, ಕಸ ಎಲ್ಲ ಹಾಕ್ತಿದ್ದೀರಾ?"

"ಇರಲಿ ಸ್ವಾಮಿ. ಕಣ್ಣಿಗೆ ಬೀಳಲಿ ಅಂತ."

"ನಿಮ್ಮ ಗಾಡಿ, ನಿಮ್ಮಿಷ್ಟ" ಅಂದ ಅವನು. ಆ ಮಾತು ಅವನು ಆಡಬಾರದಿತ್ತು.

ಮೂರನೆ ತಿರುವಲ್ಲಿ ಕಾರು ಒಂದು ಸಲ ಬಿಕ್ಕಿತು, ಎರಡು ಸಲ ಕೆಮ್ಮಿತು, ನಿಂತಿತು. ಈ ಸಲ ಬಳೆಗಾರ್ತಿ ಕೀಲಿ ತಿರುಗಿಸಲಿಲ್ಲ, ಸ್ಟೇರಿಂಗ್ ಸವರಲಿಲ್ಲ, ಕಂದಾ ಅನ್ನಲಿಲ್ಲ. ಎತ್ತು ಬಂದವು. ಊರೊಳಗೆ ಇಳಿದ ಮೇಲೆ ಕುರಿಯವನು ಎತ್ತನ್ನು ರೂಢಿಯ ಹಾಗೆ ಗಾಡಿಮನೆ ಕಡೆ ತಿರುಗಿಸಿದ.

"ಆ ಕಡೆ ಬೇಡ. ಕಟ್ಟೆಗೆ ಎಳಿ" ಅಂದಳು ಬಳೆಗಾರ್ತಿ.

"ಕಟ್ಟೆಗಾ? ಗಾಡೀನ ಕಟ್ಟೆಗೆ ಯಾರೂ ಎಳೆದಿಲ್ಲ ಕಣಕ್ಕಾ."

"ನೀನು ಎಳಿ."

ಕಟ್ಟೆಯ ಮೇಲೆ ಊರಿನ ಹಿರಿಯ ಕೂತಿದ್ದ. ಊರಿನ ನ್ಯಾಯ ಅವನ ಬಾಯಲ್ಲಿ. ಅವನ ಕಾರೂ ಮನೆ ಮುಂದೆ ಮೂರು ತಿಂಗಳಿಂದ ಯೋಚನೆ ಮಾಡುತ್ತಾ ನಿಂತಿತ್ತು, ಅದರ ಚಕ್ರದ ಕೆಳಗೆ ಕೋಳಿ ಮೊಟ್ಟೆ ಇಡುತ್ತಿತ್ತು. ಮೂರು ಹಾರದ ಕಾರು ಬಂದದ್ದು ಕಂಡು ಜನ ಸೇರಿದರು. ಗಾಡಿಮನೆ ಯಜಮಾನ ಕಿರಕಿರ ಅಂತ ಓಡಿ ಬಂದ.

"ಹಿರೀಕರೇ, ಕಟ್ಟಳೆ ನೆನಪಿರಲಿ. ಹಾರ ಹಸಿ ಇದೆ. ಹೊಸದರ ಮೇಲೆ ಮಾತಿಲ್ಲ."

"ಒಣಗಿದ ಹಾರವೂ ಇದೆಯಲ್ಲಪ್ಪಾ" ಅಂದ ಹಿರಿಯ.

"ಹಾಗಾದರೆ ಹಳೇದಾಯಿತು ಬಿಡಿ. ಹಳೇದರ ದೂರು ನನಗೆ ಬರಲ್ಲ."

"ಹೊಸದೋ ಹಳೇದೋ, ಒಂದು ಹೇಳಿಬಿಡಿ ಸ್ವಾಮಿ" ಅಂದಳು ಬಳೆಗಾರ್ತಿ. "ಎರಡು ಬಾಗಿಲೂ ನೀವೇ ಹಾಕಿಕೊಂಡು ನಿಂತರೆ ನಾನು ಎಲ್ಲಿ ಹೋಗಲಿ?"

"ಹೊಸದೇ. ಹಳೆ ಹಾರ ಎಲ್ಲಿಂದಲೋ ತಂದು ಹಾಕಿದ್ದಾಳೆ. ಯಾರದೋ ಏನೋ."

ಗುಂಪಿನೊಳಗಿಂದ ಹೂವಾಡಗಿತ್ತಿ ಈಚೆಗೆ ಬಂದಳು. ಮೂರು ಹಾರದ ಗಂಟನ್ನೂ ಬೆರಳಲ್ಲಿ ಮುಟ್ಟಿ ನೋಡಿದಳು. "ಮೂರೂ ನನ್ನ ಕೈಯದೇ. ಮೂರೂ ಈ ಗಾಡಿಗೇ ಕಟ್ಟಿಸಿಕೊಂಡದ್ದು. ಗಾಡಿ ಒಂದೇ, ಹಾರ ಮೂರು" ಅಂದಳು. ಅಂದು ಯಾರ ಮುಖವನ್ನೂ ನೋಡದೆ ಬಳೆಗಾರ್ತಿ ಪಕ್ಕ ನಿಂತುಕೊಂಡಳು.

ಹಿರಿಯ ಯಜಮಾನನ ಕಡೆ ತಿರುಗಿದ. "ಎರಡನೆ ಹಾರ ಯಾಕೆ ಹಾಕಿದೆ?"

"ಗಾಡಿ ಸರಿ ಮಾಡಿ ಕೊಟ್ಟೆ. ಅದಕ್ಕೆ."

"ಮೂರನೆಯದು?"

"ಆಗಲೂ ಸರಿ ಮಾಡಿ ಕೊಟ್ಟೆ."

ಬಳೆಗಾರ್ತಿ ಕೇಳಿದಳು. "ಸರಿ ಮಾಡಿದೆ ಅಂತೀರಲ್ಲ ಸ್ವಾಮಿ, ಅದಕ್ಕೆ ಏನಾಗಿತ್ತು?"

ಯಜಮಾನ ಹಾರ ನೋಡಿದ. ಹೇಳಿದರೆ ಹೊಸದರ ಮೇಲೆ ಕೆಟ್ಟ ಮಾತು ಆಡಿದ ಮೊದಲನೆಯವನು ಅವನೇ ಆಗುತ್ತಾನೆ. "ಅದು... ಯೋಚನೆ ಮಾಡ್ತಿತ್ತು" ಅಂದ.

"ಯೋಚನೆ ಮಾಡೋದನ್ನ ಒಂಬತ್ತು ದಿನ ಸರಿ ಮಾಡಿದ್ರಾ?"

ಯಾರೋ ಕಿಸಕ್ಕನೆ ನಕ್ಕರು. ನಕ್ಕವರೇ ಬಾಯಿಗೆ ಸೆರಗು ಒತ್ತಿಕೊಂಡರು. ಹಿರಿಯನಿಗೂ ಭಯ. ಮುಂದಿನ ಮಾತನ್ನು ಆ ಊರಲ್ಲಿ ಯಾರೂ ಆಡಿರಲಿಲ್ಲ, ಆಡಿದರೆ ಏನಾಗುತ್ತದೆ ಅಂತ ಯಾರೂ ನೋಡಿರಲಿಲ್ಲ.

ಬಳೆಗಾರ್ತಿ ಕಾರಿನ ಮೇಲೆ ಅಂಗೈ ಊರಿದಳು. ಜ್ವರ ಬಂದ ಮಗುವಿನ ಹಣೆ ಮುಟ್ಟಿದ ಹಾಗೆ ಮುಟ್ಟಿದಳು.

"ಈ ಗಾಡಿ ಕೆಟ್ಟಿದೆ" ಅಂದಳು. "ಇವತ್ತು ಕೆಟ್ಟದ್ದಲ್ಲ. ನನ್ನ ಕೈಗೆ ಬಂದಾಗಲೇ ಕೆಟ್ಟಿತ್ತು. ಹೊಸದಾಗಿದ್ದಾಗಲೇ ಕೆಟ್ಟಿತ್ತು."

ಜನ ಆಕಾಶ ನೋಡಿದರು. ಆಕಾಶ ಇದ್ದಲ್ಲೇ ಇತ್ತು. ನೆಲ ನೋಡಿದರು. ನೆಲವೂ ಇತ್ತು. ಒಂದು ಕಾಗೆ ಬಂದು ಕಾರಿನ ನೆತ್ತಿಯ ಮೇಲೆ ಕೂತು ರೆಕ್ಕೆ ಕೆರೆದುಕೊಂಡಿತು.

ಆಗ ಹಿಂದುಗಡೆಯಿಂದ ಒಬ್ಬ ಗಾಣದವನು ಸಣ್ಣ ದನಿಯಲ್ಲಿ ಅಂದ. "ನನ್ನದೂ ಕೆಟ್ಟಿದೆ."

"ನಮ್ಮದು ಬಂದ ದಿನವೇ ಕೆಟ್ಟಿತ್ತು" ಅಂದಳು ಅವನ ಹೆಂಡತಿ. "ಧೂಪವಂತೆ ಧೂಪ! ನನ್ನ ಸೀರೆ ಸುಟ್ಟುಹೋಯಿತು."

"ನಂದೂ."

"ನಂದೂ."

ಆ ಮಾತು ಕಟ್ಟೆ ಸುತ್ತ ಒಂದು ಸುತ್ತು ಬಂದು ಹಿರಿಯನ ಹತ್ತಿರ ನಿಂತಿತು. ಹಿರಿಯ ತನ್ನ ಮನೆ ಕಡೆ ನೋಡಿದ, ಕೋಳಿಯ ಕಡೆ ನೋಡಿದ. "ನನ್ನದೂ" ಅಂದ. ಅಂದ ಮೇಲೆ ಅವನ ಬೆನ್ನು ನೆಟ್ಟಗಾಯಿತು.

"ಕಾರು ಇಲ್ಲದ ಕಾಲದಲ್ಲಿ, ಹೊಸ ತೊಟ್ಟಿಲ ಮೇಲೆ ಹೊಟ್ಟೆಕಿಚ್ಚಿನ ಕಣ್ಣು ಬೀಳದಿರಲಿ ಅಂತ ಹಿಂದಿನವರು ಈ ಕಟ್ಟಳೆ ಕಟ್ಟಿರಬೇಕು. ತೊಟ್ಟಿಲು ಕೊಂಡವಳ ಕಾವಲಿಗೆ ಕಟ್ಟಿದ್ದು. ಮುರುಕು ತೊಟ್ಟಿಲು ಮಾರಿದವನ ಕಾವಲಿಗೆ ಇದು ಯಾವತ್ತು ಹೋಯಿತೋ ನಮಗೆ ಗೊತ್ತೇ ಆಗಲಿಲ್ಲ. ಇವತ್ತಿಂದ ಹೀಗಿರಲಿ. ಕೊಂಡವರ ಬಾಯಿಗೆ ಕಟ್ಟು ಇಲ್ಲ. ಹಳೆ ಹಾರ ತೆಗೆಯುವಂತಿಲ್ಲ. ಅದೇ ಗಾಡಿ, ಅದೇ ಕೇಡು, ಮೂರು ಹಾರ ಆಯಿತೋ, ನಾಲ್ಕನೆ ಹಾರ ಹಾಕುವಂತಿಲ್ಲ. ಓಡುವ ಗಾಡಿ ಕೊಡಬೇಕು, ಇಲ್ಲ ಅವರ ನಡಿಗೆ ಅವರಿಗೆ ಕೊಡಬೇಕು" ಅಂತ ಹಿರಿಯ ತೀರ್ಪು ಕೊಟ್ಟ.

ಯಜಮಾನ ತಡ ಮಾಡಲಿಲ್ಲ. ಆಳನ್ನು ಓಡಿಸಿ ಅಟ್ಟದಿಂದ ಬಳೆಗಾರ್ತಿಯ ಚಪ್ಪಲಿ ತರಿಸಿದ, ಧೂಳು ಒರೆಸಿ ಅವಳ ಮುಂದೆ ಇಟ್ಟ. "ತಗೊಳ್ಳಿ ತಾಯಿ. ನಿಮ್ಮ ನಡಿಗೆ ನಿಮಗೆ. ಲೆಕ್ಕ ಮುಗೀತು."

ಜನರಿಗೂ ಅದೇ ಸರಿ ಅನ್ನಿಸಿತು. "ನಡಿಗೆಯೇ ಒಳ್ಳೇದು ಕಣಕ್ಕಾ. ಮೈಗೂ ಒಳ್ಳೇದು" ಅಂದರು.

ಬಳೆಗಾರ್ತಿ ಚಪ್ಪಲಿ ನೋಡಿದಳು. ಅವಳವೇ, ಹಿಮ್ಮಡಿ ಸವೆದವು. ಮೆಟ್ಟಿಕೊಳ್ಳಲಿಲ್ಲ.

"ಹಿರೀಕರೇ, ಓಡುವ ಗಾಡಿಯೋ ನಡಿಗೆಯೋ ಅಂತ ಆರಿಸೋರು ಯಾರು? ಕೊಟ್ಟವರೋ, ಕಳಕೊಂಡವರೋ?"

ಹಿರಿಯ ಆ ಸವೆದ ಹಿಮ್ಮಡಿ ನೋಡಿದ. "ಕಳಕೊಂಡವರು" ಅಂದ.

"ಹಾಗಾದರೆ ನನಗೆ ಗಾಡಿ ಬೇಕು. ನಡಿಗೆ ಒಳ್ಳೇದು ಅಂತ ನನ್ನ ಮಂಡಿಗೆ ನೀವು ಹೇಳ್ತೀರಾ? ಗುಡ್ಡ ಹತ್ತೋಕಾಗದೆ ತಾನೇ ನಾನು ಗಾಡಿ ಕೇಳಿದ್ದು. ಆಸೆಪಟ್ಟದ್ದು ತಪ್ಪಾಯಿತು ಅಂತ ನಾನು ಯಾಕೆ ಹಿಂದಕ್ಕೆ ಹೋಗಲಿ? ಕೊಡ್ತೀನಿ ಅಂದದ್ದನ್ನು ಕೊಡಲಿ. ಓಡೋದು ಕೊಡಲಿ. ಓಡುತ್ತೆ ಅಂತ ನನಗೆ ಹೆಂಗೆ ಗೊತ್ತಾಗಬೇಕು? ಅವರೂ ನನ್ನ ಜೊತೆ ಕೂತು ಮೇಲಿನ ತನಕ ಬರಲಿ. ಅವರ ಚಪ್ಪಲಿ ಇಲ್ಲಿ ಕಟ್ಟೆ ಮೇಲೆ ಬಿಟ್ಟು ಬರಲಿ."

ಕಟ್ಟೆಯೆಲ್ಲ ಗುಜುಗುಜು ಆಯಿತು. ಹಿರಿಯ ಯಜಮಾನನ ಚಪ್ಪಲಿಗೆ ಕೈ ಚಾಚಿದ. ಗಾಡಿಮನೆಯ ಯಜಮಾನ, ಯಾವತ್ತೂ ತನ್ನ ಗಾಡಿಯಲ್ಲಿ ಗಡಿಕಲ್ಲು ದಾಟದವನು, ಬಗ್ಗಿ ಚಪ್ಪಲಿ ಬಿಚ್ಚಿದ. ಅವನ ಪಾದ ಮೆತ್ತಗೆ, ಬೆಳ್ಳಗೆ, ಕೂಸಿನ ಪಾದದ ಹಾಗಿತ್ತು.

ಆಮೇಲೆ ನಡೆದದ್ದನ್ನು ಆ ಊರಿನವರು ಈಗಲೂ ಹೇಳುತ್ತಾರೆ. ಯಜಮಾನ ಗಾಡಿಮನೆ ಅಂಗಳಕ್ಕೆ ಹೋದ. ಅಂಗಳದಲ್ಲಿ ಸಾಲಾಗಿ ಹೊಸ ಕಾರು, ಎಲ್ಲಕ್ಕೂ ಹಸಿ ಹಾರ. ಮೊದಲನೆಯದರ ಬಾನೆಟ್ಟಿಗೆ ಕಿವಿ ಇಟ್ಟ, ತಲೆ ಅಲ್ಲಾಡಿಸಿದ. ಎರಡನೆಯದಕ್ಕೆ ಇಟ್ಟ, ತಲೆ ಅಲ್ಲಾಡಿಸಿದ. ಮೂರನೆಯದರ ಹತ್ತಿರ ನಿಲ್ಲಲೇ ಇಲ್ಲ. ಹೀಗೆ ಹನ್ನೊಂದು ಕಾರು ಬಿಟ್ಟು ಹನ್ನೆರಡನೆಯದರ ಬಾಗಿಲು ತೆರೆದ. ಜನ ಬೇಲಿಯಾಚೆ ನಿಂತು ನೋಡಿದರು. ಯಾವುದು ಓಡುತ್ತೆ, ಯಾವುದು ಓಡಲ್ಲ ಅಂತ ಅವನಿಗೆ ಮೊದಲಿಂದಲೂ ಗೊತ್ತಿತ್ತು. ಆ ಹೊತ್ತು ಯಾರೂ ಬೈಯಲಿಲ್ಲ, ಕೂಗಲಿಲ್ಲ. ಒಬ್ಬೊಬ್ಬರೇ ಮನೆಗೆ ಹೋಗಿ ತಮ್ಮ ತಮ್ಮ ಕಾರನ್ನು ಕಟ್ಟೆ ಕಡೆ ತಳ್ಳತೊಡಗಿದರು.

ಬಳೆಗಾರ್ತಿ ಸ್ಟೇರಿಂಗ್ ಹಿಡಿದಳು. ಯಜಮಾನ ಪಕ್ಕದಲ್ಲಿ ಕೂತ. ಬಳೆ ಬುಟ್ಟಿ ಅವನ ತೊಡೆಯ ಮೇಲೆ.

"ಬಿಗಿಯಾಗಿ ಹಿಡ್ಕೊಳ್ಳಿ ಸ್ವಾಮಿ. ಗಾಜು."

ಗಡಿಕಲ್ಲು ದಾಟಿತು. ಮೊದಲನೆ ತಿರುವು ದಾಟಿತು. ಎರಡನೆಯದು ದಾಟಿತು. ಯಜಮಾನನ ಹಣೆಯ ಬೆವರು ಬುಟ್ಟಿಯೊಳಗೆ ತೊಟ್ಟಿಕ್ಕುತ್ತಿತ್ತು. ಗಾಡಿ ಒಂದು ಕಲ್ಲು ಹತ್ತಿ ಇಳಿದರೆ ಬಳೆಯೆಲ್ಲ ಝಲ್ ಅನ್ನೋದು, ಅವನು ಕಣ್ಣು ಮುಚ್ಚೋನು. ಮೂರನೆ ತಿರುವು ಬಂತು. ಅವನು ಉಸಿರು ಹಿಡಿದ. ಗಾಡಿ ತಿರುಗಿತು, ಏರಿತು, ದಾಟಿತು.

ನಾಲ್ಕನೆ ತಿರುವು ದಾಟಿದ ಮೇಲೆ ಅವನು ಬುಟ್ಟಿಯ ಕಡೆ ನೋಡುತ್ತಾ, "ಆ ಗಾಡಿ ಕೆಟ್ಟಿತ್ತು ತಾಯಿ" ಅಂದ.

"ಗೊತ್ತು ಸ್ವಾಮಿ" ಅಂದಳು ಬಳೆಗಾರ್ತಿ. "ಮುಂದೆ ಹಳ್ಳ ಇದೆ. ಬುಟ್ಟಿ ಎತ್ತಿ ಹಿಡ್ಕೊಳ್ಳಿ."

ಮಗಳು ಹೊಸ್ತಿಲಲ್ಲೇ ಕೂತಿದ್ದಳು. ಹೊಟ್ಟೆ ಕೆಳಗಿಳಿದಿತ್ತು. ಕೈ ಎರಡೂ ಊದಿ, ಗೆಣ್ಣು ಹೂತುಹೋಗಿದ್ದವು. ಬಳೆಗಾರ್ತಿ ಗಾಡಿಯನ್ನು ಜಗುಲಿಗೇ ತಾಗಿಸಿ ನಿಲ್ಲಿಸಿ, ನೆಲ ಮುಟ್ಟದೆ ಜಗುಲಿಗೆ ಜಾರಿದಳು, ಬುಟ್ಟಿಯಿಂದ ಬಳೆ ತೆಗೆದುಕೊಂಡು ಮಗಳ ಮುಂದೆ ಕೂತು ಆ ಕೈ ಎಳೆದುಕೊಂಡಳು, ಎಣ್ಣೆ ಸವರಿದಳು, ಐದು ಬೆರಳನ್ನು ಒಟ್ಟಿಗೆ ಅಮುಕಿ ಮೊದಲನೆ ಬಳೆಯನ್ನು ಗೆಣ್ಣಿನ ಮೇಲೆ ತಿರುಗಿಸುತ್ತಾ ತಿರುಗಿಸುತ್ತಾ ಒಳಗೆ ದಾಟಿಸಿದಳು. ಎರಡನೆಯದು ದಾಟಿತು. ಎರಡೂ ಒಂದಕ್ಕೊಂದು ತಾಗಿದವು. ಮಗಳು ಬೆಚ್ಚಿ ಇನ್ನೊಂದು ಕೈಯನ್ನು ಹೊಟ್ಟೆ ಮೇಲೆ ಇಟ್ಟುಕೊಂಡಳು.

"ಅವ್ವಾ, ಒದೀತು!"

"ಒದೀಲಿ. ಕೇಳಿಸ್ತು ಅಂತ ಅರ್ಥ."

ಮಗಳು ಕಣ್ಣೊರೆಸಿಕೊಂಡು ಬಾಗಿಲ ಕಡೆ ನೋಡಿದಳು. ಕಾರಿನ ಬಾಗಿಲು ತೆರೆದಿತ್ತು. ಒಳಗೆ ಒಬ್ಬ ಗಂಡಸು ಬರಿಗಾಲನ್ನು ಮೇಲಕ್ಕೆ ಮಡಚಿಕೊಂಡು, ಬುಟ್ಟಿ ಅಪ್ಪಿಕೊಂಡು ಕೂತಿದ್ದ.

"ಅವ್ವಾ, ಅವರು ಯಾರು?"

"ಗಾಡಿ ಮಾಡಿದವರು" ಅಂದಳು ಬಳೆಗಾರ್ತಿ. "ಆ ಕಡೆ ನೋಡಬೇಡ. ಕೈ ಸಡಿಲ ಬಿಡು ಮಗಾ, ಬಿಗಿ ಹಿಡೀಬೇಡ. ಇನ್ನೂ ಹತ್ತೊಂಬತ್ತು ಇವೆ."